ಕಾಪುವಿನವರೆಗೆ ಬಂದ ಟೀಚರ್

ನಾನು ಮಣಿಪಾಲದಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಓದುತ್ತಿದ್ದಾಗ ಕಾಲೇಜಿನಿಂದ ಇಳಿದು ಬರುವ ರಸ್ತೆಯಲ್ಲಿ ಒಂದು ಸೈಬರ್ ಕೆಫೆ ಇತ್ತು. ಅದನ್ನು ನಡೆಸುತ್ತಿದ್ದವರು ನಿವೃತ್ತ ಶಾಲಾ ಶಿಕ್ಷಕಿ, ಮನೆಯಲ್ಲಿ ಕೊಂಕಣಿ ಆಡುವ ಕ್ರಿಶ್ಚಿಯನ್ ಹೆಂಗಸು. ಕುವೈತ್‌ನಲ್ಲಿ ನರ್ಸ್ ಆಗಿದ್ದ ಮಗಳಿಗೆ ಇ-ಮೇಲ್ ಬರೆಯಲೆಂದು ಕಂಪ್ಯೂಟರ್ ಕಲಿತು, ಅದೇ ಹುರುಪಿನಲ್ಲಿ ಅಂಗಡಿಯನ್ನೇ ತೆರೆದಿದ್ದರು. ಎಲ್ಲರಿಗೂ ಅವರು ಟೀಚರ್.

ನಮ್ಮ ಮನೆ ಕಾಪುವಿನಲ್ಲಿ. ಅಪ್ಪ, ಅವ್ವ ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ಆ ವರ್ಷ ಅಪ್ಪನಿಗೆ ನಂದಿಕೂರಿನಲ್ಲಿ ಕೆಲಸ. ವಾರಗಟ್ಟಲೆ ಅಲ್ಲೇ ಕೆಲಸದ ಶೆಡ್ಡಿನಲ್ಲಿ ಉಳಿಯುತ್ತಿದ್ದರು.

ಆಗ ಕ್ಲಾಸಿನವರೆಲ್ಲ ಇಂಟರ್‌ನೆಟ್ಟಿನ ಒಂದು ಗೆಳೆತನದ ಸೈಟಿಗೆ ಸೇರಿದ್ದರು. ನಾನೂ ಸೇರಿದೆ. ಫೋಟೋ ಹಾಕಿದೆ, ಹೊಸದಾಗಿ ಸಿಕ್ಕ ಮೊಬೈಲಿನ ನಂಬರ್ ಹಾಕಿದೆ. ಗೆಳತಿಯರ ಪುಟಗಳಲ್ಲಿ ದಿನವೂ ಏನಾದರೂ ಗೀಚುತ್ತಿದ್ದೆ: ಐದೂವರೆ ಬಸ್ಸಿಗೆ ಹೊರಟೆ, ಈ ವಾರವೂ ಅಪ್ಪ ಬರಲಿಲ್ಲ, ಮನೆಯಲ್ಲಿ ನಾನು ಅವ್ವ ಇಬ್ಬರೇ. ಗೆಳತಿಗೆ ಬರೆದದ್ದನ್ನು ಗೆಳತಿ ಮಾತ್ರ ಓದುತ್ತಾಳೆ ಎಂದೇ ನಂಬಿದ್ದೆ.

ಮೊದಲು ಗುರುತಿಲ್ಲದ ನಂಬರಿನಿಂದ ಫೋನ್ ಬರತೊಡಗಿತು. ಆಮೇಲೊಂದು ಸಂಜೆ ಕಾಪುವಿನಲ್ಲಿ ಬಸ್ ಇಳಿದರೆ, ಮೂವತ್ತರ ಆಸುಪಾಸಿನ ಒಬ್ಬ ಎದುರಿಗೆ ಬಂದು ನನ್ನ ಹೆಸರು ಹಿಡಿದು ಕರೆದ.

“ಅಪ್ಪ ಈ ವಾರವೂ ಬರಲಿಲ್ಲ ಅಲ್ವಾ?” ಎಂದ.

ಮನೆಗೆ ಓಡಿದೆ. ಹೇಳಿದರೆ ಓದು ಬಿಡಿಸುತ್ತಾರೆಂಬ ಭಯಕ್ಕೆ ಅವ್ವನಿಗೆ ಏನೂ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ನನ್ನ ಖಾತೆ ಅಳಿಸಲು ಕೆಫೆಗೆ ಹೋದೆ. ಪಾಸ್‌ವರ್ಡ್ ಮೂರು ಸಲ ತಪ್ಪಿತು. ಟೀಚರ್ ಬಂದು ಪಕ್ಕದಲ್ಲಿ ಕೂತರು. ಒತ್ತಾಯಿಸಲಿಲ್ಲ, ನಾನೇ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ತಮ್ಮದೇ ಖಾತೆಯಿಂದ ನನ್ನ ಪುಟವನ್ನೂ ಗೆಳತಿಯರ ಪುಟಗಳನ್ನೂ ತೆರೆದು, ಒಂದು ಹಾಳೆಯಲ್ಲಿ ನನ್ನ ಬಗ್ಗೆ ಕಂಡದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆಯುತ್ತ ಹೋದರು. ನನಗೂ ಅವರಿಗೂ ಅಲ್ಲಿ ಗೆಳೆತನವಿರಲಿಲ್ಲ, ಆದರೂ ಹಾಳೆ ತುಂಬಿತು. ಆ ಅಕ್ಷರಗಳಲ್ಲಿ ನನ್ನನ್ನು ನೋಡಿಕೊಂಡು ನನಗೆ ಅಳು ಬಂತು.

“ಅಳುವುದು ಎಂತಕ್ಕೆ? ತಪ್ಪು ಅವನದ್ದು. ನೀನು ಬಾಗಿಲು ಹಾಕಲಿಕ್ಕೆ ಮರೆತದ್ದು ಅಷ್ಟೆ,” ಎಂದರು.

ಒಂದೊಂದಾಗಿ ಅಳಿಸಿದೆವು. ಅವನ ನಂಬರನ್ನೂ ಮಾತುಗಳನ್ನೂ ಮಾತ್ರ ಅವರು ಬೇರೆ ಬರೆದಿಟ್ಟುಕೊಂಡರು, ಪೊಲೀಸರಿಗೆ ಬೇಕಾದೀತೆಂದು. ಸಂಜೆ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಅದೇ ಐದೂವರೆ ಬಸ್ಸಿಗೆ ಹೊರಟರು. ಉಡುಪಿಯಲ್ಲಿ ಬಸ್ ಬದಲಿಸಿ ಕಾಪುವಿಗೆ ಬಂದೆವು.

ಅವನು ಬಸ್ ಸ್ಟಾಪಿನಲ್ಲೇ ನಿಂತಿದ್ದ. ಟೀಚರ್ ನೆಟ್ಟಗೆ ಅವನ ಬಳಿ ಹೋಗಿ, ಬ್ಯಾಗಿನಿಂದ ನೋಟ್‌ಬುಕ್ ತೆಗೆದರು. ಐದಡಿಯೂ ಇಲ್ಲದ ಹೆಂಗಸು; ದನಿ ಮಾತ್ರ ಹಿಂದಿನ ಬೆಂಚಿಗೆ ಕೇಳುವಂಥದ್ದು.

“ಈ ಹುಡುಗಿಯ ವಿಷಯ ನಿಮಗೆ ಎಲ್ಲ ಗೊತ್ತುಂಟು. ಈಗ ನಿಮ್ಮದು ಹೇಳಿ. ಹೆಸರು, ಊರು, ತಂದೆಯ ಹೆಸರು.”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಏನೋ ತೊದಲಿ ಬೈಕ್ ಹತ್ತಿದ. ಟೀಚರ್ ಬೈಕಿನ ನಂಬರ್ ಬರೆದುಕೊಂಡರು, ಅವನಿಗೆ ಕಾಣುವ ಹಾಗೆಯೇ.

ಅಲ್ಲಿಂದ ಮನೆಗೆ ಬಂದು, ನಾನೇ ಅವ್ವನಿಗೆ ಹೇಳುವವರೆಗೆ ಹೊಸ್ತಿಲ ಬಳಿಯೇ ನಿಂತಿದ್ದರು. ಅವ್ವ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು.

“ನಿನ್ನೇನ ಯಾಕ ಹೇಳಲಿಲ್ಲವ್ವ?”

ಓದು ಬಿಡಿಸುವ ಮಾತು ಬರಲೇ ಇಲ್ಲ. ಅವ್ವ ಟೀಚರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಅವನು ಮತ್ತೆ ಬರಲಿಲ್ಲ. ಸಿಮ್ ಬದಲಿಸಿದ ಮೇಲೆ ಫೋನೂ ನಿಂತಿತು. ಆದರೂ ಟೀಚರ್ ಮುಂದಿನ ಎರಡು ವಾರ ದಿನವೂ ನನ್ನ ಜೊತೆ ಕಾಪುವಿನವರೆಗೆ ಬಂದು, ಎದುರು ಬಸ್ಸಿನಲ್ಲಿ ವಾಪಸ್ ಹೋದರು. ಕಾಪುವಿನಲ್ಲಿ ಏನೋ ಕೆಲಸವಿದೆ ಎನ್ನುತ್ತಿದ್ದರು. ನಾನು ನಂಬಿದ್ದೆ. ಆ ದಿನಗಳಲ್ಲಿ ಅಂಗಡಿ ಐದಕ್ಕೇ ಮುಚ್ಚುತ್ತಿತ್ತು, ಕಾರಣ ಕೇಳಿದವರಿಗೆ ಟೀಚರ್ ಕರೆಂಟಿನ ನೆಪ ಹೇಳುತ್ತಿದ್ದರು ಎಂದು ಪಕ್ಕದ ಝೆರಾಕ್ಸ್ ಅಂಗಡಿಯಾಕೆ ತಿಳಿಸಿದ್ದು ನನ್ನ ಕೋರ್ಸ್ ಮುಗಿದ ಮೇಲೆ.