ಮೊದಲ ಸಾಲಿಗೆ ಮರಳದ ಬೆರಳು

ಕಳೆದ ವಾರ ಚಾಮರಾಜನಗರದ ಹಾರ್ಡ್‌ವೇರ್ ಅಂಗಡಿಯ ಮುಂದೆ ಒಬ್ಬ ಪೇಂಟರು ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ. ಸೀಮೆಎಣ್ಣೆ ಈಗ ಕಣ್ಣಿಗೆ ಬೀಳುವುದೇ ಅಪರೂಪ. ನಾನು ಹೋಗಿದ್ದು ನಲ್ಲಿಯ ವಾಷರಿಗೆ. ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಆದರೂ ಬರಿಗೈಯಲ್ಲಿ ವಾಪಸು ಬಂದೆ. ಹೆಲಿಕಾಪ್ಟರಿನ ಇಂಧನಕ್ಕೂ ಹೆಚ್ಚುಕಡಿಮೆ ಅದೇ ವಾಸನೆ...

ನಾನು ಹರದನಹಳ್ಳಿಯವನು. ವಾಯುಪಡೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್ ಆಗಿದ್ದೆ. ಕೆಲವು ವರ್ಷ ನನ್ನ ಹೆಲಿಕಾಪ್ಟರನ್ನು ಹಾರಿಸಿದ ಸಾಹೇಬರು ಉಡಿಗಾಲದವರು, ನನಗಿಂತ ಚಿಕ್ಕವರು. ಎಲ್ಲರೆದುರು ಅವರು ನನ್ನೊಂದಿಗೆ ಆಡುತ್ತಿದ್ದುದು ಬರೀ ಇಂಗ್ಲಿಷು, ಹಿಂದಿ. ಇಬ್ಬರೇ ಇದ್ದಾಗ ಮಾತ್ರ, "ಏನಣ್ಣ, ಉಂಡ್ಯಾ?" ಎನ್ನುವರು. ಹಿಮ ಬೀಳುವ ಆ ದೂರದ ನೆಲೆಯಲ್ಲಿ ಅದೊಂದು ಮಾತಿಗಾಗಿ ದಿನವಿಡೀ ಕಾದಿರುತ್ತಿದ್ದೆ.

ಹಾರುವ ಮೊದಲು ಪೈಲಟ್ ತಪಾಸಣೆಯ ಪಟ್ಟಿಯಿರುವ ಒಂದು ಕಾರ್ಡು ಓದಬೇಕು. ಸಾಹೇಬರು ಪ್ರತಿ ಸಾಲಿನ ಮೇಲೂ ಎಡಗೈ ಬೆರಳಿಟ್ಟು, ಗಟ್ಟಿಯಾಗಿ ಓದಿ, ಬಲಗೈಯಿಂದ ಆ ಸ್ವಿಚ್ಚನ್ನು ಮುಟ್ಟಿಯೇ ಕೆಳಗಿನ ಸಾಲಿಗೆ ಇಳಿಯುವರು. ನಡುವೆ ಯಾರಾದರೂ ಮಾತಾಡಿಸಿದರೆ ಬೆರಳು ಮತ್ತೆ ಮೊದಲ ಸಾಲಿಗೆ. ಒಮ್ಮೆ ಪಕ್ಕದ ಸೀಟಿನಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಹವೆಯ ವಿಚಾರ ಎತ್ತಿದಾಗಲೂ ಹಾಗೇ ಮಾಡಿದರು. ಕಾರ್ಡು ಮುಗಿಯುವವರೆಗೆ ಬಾಗಿಲ ಬಳಿ ನಿಂತು ಯಾರನ್ನೂ ಹತ್ತಿರ ಬಿಡದಿರುವುದು ನನ್ನ ಕೆಲಸ. ಅಷ್ಟು ವರ್ಷದಲ್ಲಿ ಒಬ್ಬರನ್ನೂ ಬಿಟ್ಟಿರಲಿಲ್ಲ.

ನಿವೃತ್ತಿಯಾದ ಮೇಲೆ ಅವರು ಬಾಡಿಗೆ ಹೆಲಿಕಾಪ್ಟರ್ ಹಾರಿಸತೊಡಗಿದರು. ಒಂದು ಚುನಾವಣೆಯಲ್ಲಿ ಯಾರೋ ನಾಯಕರನ್ನು ಗುಂಡ್ಲುಪೇಟೆಗೆ ಕರೆತರುತ್ತಾರೆಂದು ತಿಳಿಯಿತು. ಮೈದಾನದ ಹೆಲಿಪ್ಯಾಡ್ ನೋಡಿಕೊಳ್ಳಲು ಅನುಭವಸ್ಥರು ಬೇಕೆಂದು, ಅಷ್ಟರಲ್ಲಿ ನಿವೃತ್ತನಾಗಿ ಊರಿನಲ್ಲಿದ್ದ ನನ್ನನ್ನೇ ಸಭೆಯವರು ಕರೆದರು. ಇಸ್ತ್ರಿ ಮಾಡಿದ ಷರಟು ತೊಟ್ಟು ಎರಡು ಗಂಟೆ ಮೊದಲೇ ಹೋಗಿ ನಿಂತೆ.

ಬೆಳಗಿನಿಂದ ಸಾಹೇಬರ ತಾಯಿ ನನ್ನ ಫೋನಿಗೆ ನಾಲ್ಕು ಸಲ ಕರೆ ಮಾಡಿದ್ದರು. ಮಗನ ಫೋನು ಸ್ವಿಚ್ ಆಫ್ ಆಗಿತ್ತು.

"ಏನಪ್ಪಾ, ವಾಪ್ಸು ಓಗೋವಾಗ ನಮ್ಮನೆ ಮ್ಯಾಲೇ ಓಗಕ್ಕೆ ಯೋಳಪ್ಪ. ಇವಮ್ಮನ ಮಗ ಏರೋಪ್ಲೇನ್ ಒರ್ಸೋ ಕೆಲ್ಸ ಮಾಡ್ತನೆ ಅಂತ ಆಡ್ಕೊಂಡು ನಗ್ತಾವ್ರೆ ಊರೋರು. ಇವತ್ತು ಎಲ್ರುನ್ನೂ ಮನೆ ಮಾಡಿ ಮ್ಯಾಲೆ ನಿಲ್ಸಿವ್ನಿ."

ಸಭೆ ಮುಗಿದು ನಾಯಕರು ಹತ್ತಿ ಕೂತರು. ಸಾಹೇಬರು ಕಾರ್ಡು ತೆಗೆದರು. ನಾನು ಬಾಗಿಲ ಬಳಿ ನಿಂತೆ. ಐದನೆಯ ಸಲ ಫೋನು ಬಂತು.

ಕಟ್ ಮಾಡಿಬಿಡಬಹುದಿತ್ತು. ಆ ಮುದುಕಿ ಮಹಡಿಯ ಬಿಸಿಲಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತು... ಫೋನನ್ನು ಅವರ ಕೈಗೆ ಕೊಟ್ಟೆ. ನಾನೇ ಕೊಟ್ಟೆ.

"ಬತ್ತೀನಿ ಬುಡವ್ವ, ನಮ್ಮನೆ ಮ್ಯಾಲೇ ಬತ್ತೀನಿ. ನೀನು ಮಾಡಿ ಅಂಚ್ಗೆ ಬರ್ಬ್ಯಾಡ," ಎಂದು ನಕ್ಕು ಫೋನು ವಾಪಸು ಕೊಟ್ಟರು. ಅರ್ಧ ನಿಮಿಷವೂ ಆಗಿರಲಿಲ್ಲ. ಹಿಂದೆ ತಮ್ಮದೇ ಫೋನಿನಲ್ಲಿ ಮುಳುಗಿದ್ದ ನಾಯಕರು, ತಲೆಯೆತ್ತದೆ, "ಹೊತ್ತಾಯ್ತು" ಅಂದರು. ಬೆರಳು ಕಾರ್ಡಿನ ನಡುವೆ ಎಲ್ಲೋ ಇಳಿಯಿತು, ಮೊದಲ ಸಾಲಿಗೆ ಹೋಗಲಿಲ್ಲ. ಅದನ್ನು ನಾನು ನೋಡಿದೆ. ತಡೆಯಲಿಲ್ಲ.

ತಪ್ಪಿಹೋದದ್ದು ಒಂದೇ ಸಾಲು: ದೊಡ್ಡ ಟ್ಯಾಂಕಿನ ಇಂಧನವನ್ನು, ಎಂಜಿನ್ನಿಗೆ ಎಣ್ಣೆ ಕೊಡುವ ಸಣ್ಣ ಟ್ಯಾಂಕಿಗೆ ತಳ್ಳುವ ಪಂಪುಗಳ ಸ್ವಿಚ್ಚು. ಅದು ಆಫ್ ಆಗಿಯೇ ಉಳಿಯಿತು. ಸಣ್ಣ ಟ್ಯಾಂಕಿನಲ್ಲಿದ್ದಷ್ಟು ಹೊತ್ತು ಹೆಲಿಕಾಪ್ಟರ್ ಚೆನ್ನಾಗಿಯೇ ಹಾರಿತು. ಉಡಿಗಾಲದ ಮೇಲೆ ತಗ್ಗಿ ಒಂದು ಸುತ್ತು ಹಾಕಿತು. ಎಚ್ಚರಿಕೆಯ ದೀಪ ಹತ್ತಿದ್ದು ಆಗಲೇ ಇರಬೇಕು. ಸಾಹೇಬರ ಕಣ್ಣು ಮಹಡಿಯ ಮೇಲಿತ್ತು. ಹರದನಹಳ್ಳಿ ದಾಟುತ್ತಿದ್ದಂತೆ ಎಂಜಿನ್ ನಿಂತಿತು. ದೊಡ್ಡ ಟ್ಯಾಂಕಿನಲ್ಲಿ ಬೇಕಾದಷ್ಟು ಎಣ್ಣೆಯಿತ್ತು.

ಅರಿಶಿನದ ಹೊಲವೊಂದಕ್ಕೆ ಹೇಗೋ ಇಳಿಸಿದರು. ಯಾರೂ ಸಾಯಲಿಲ್ಲ. ಸಾಹೇಬರ ಬೆನ್ನುಮೂಳೆ ಮುರಿಯಿತು.

ಆಸ್ಪತ್ರೆಗೆ ಹೋದೆ. ಮಲಗಿದಲ್ಲಿಂದಲೇ ನನ್ನ ಕೈ ಹಿಡಿದರು. "ಫೋನಿನ್ ವಿಚಾರ ಬಾಯ್ ಬುಡಬ್ಯಾಡ ಕಣಣ್ಣ. ಕಾರ್ಡು ಇದ್ದಿದ್ದು ನನ್ ಕೈಲಿ. ಅವ್ವನ್ಗೆ ಗೊತ್ತಾದ್ರೆ ಅವ್ಳು ಬದುಕಲ್ಲ."

ವಿಚಾರಣೆಗೆ ಬಂದವರು, ತಪಾಸಣೆಯ ವೇಳೆ ಯಾರಾದರೂ ಪೈಲಟರನ್ನು ಮಾತಾಡಿಸಿದರೇ ಎಂದು ಕೇಳಿದರು. ಇಲ್ಲ ಎಂದೆ. ಸಾಹೇಬರೂ ಇಲ್ಲವೆಂದೇ ಬರೆದುಕೊಟ್ಟಿದ್ದರು. ಎಲ್ಲ ತಪ್ಪೂ ಅವರ ಹೆಸರಿಗೆ ಹೋಯಿತು. ಆಮೇಲೆ ಅವರು ಹಾರಲಿಲ್ಲ. ಕೋಲು ಹಿಡಿದು ಕೆಲವು ವರ್ಷ ಉಡಿಗಾಲದಲ್ಲೇ ಇದ್ದು, ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಅಲ್ಲಿಂದ ಮುಂದೆ ನನ್ನನ್ನು "ಉಂಡ್ಯಾ" ಎಂದು ಕೇಳಿದವರಿಲ್ಲ...

ಆ ತಾಯಿಯನ್ನು ನೋಡಲು ತಿಂಗಳಿಗೊಮ್ಮೆ, ಎರಡನೆಯ ಭಾನುವಾರ, ಬಸ್ಸು ಹತ್ತಿ ಹೋಗುತ್ತಿದ್ದೆ. ಅವರ ಜೊತೆ ಮಗಳಿದ್ದಳು. ಕಾಫಿ ಕೊಡುವರು. ಮಳೆ, ಈರುಳ್ಳಿ ಬೆಳೆ, ನನ್ನ ಮಂಡಿನೋವು ಎಲ್ಲ ಮಾತಾಡುತ್ತಿದ್ದೆವು. ಆ ದಿನದ ವಿಚಾರ ಅವರು ಎತ್ತುತ್ತಿರಲಿಲ್ಲ. ಬೇಗ ಹೊರಟುಬಿಡುತ್ತಿದ್ದೆ, ಹೆಚ್ಚು ಹೊತ್ತು ಕೂತರೆ ಎಲ್ಲಿ ಬಾಯಿ ಜಾರುತ್ತದೋ ಎಂಬ ಹೆದರಿಕೆ.

ಈ ವರ್ಷ ಅವರೂ ಹೋದರು. ತಿಥಿಗೆ ಹೋಗಿದ್ದಾಗ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು.

"ಸಾ, ಈಗ ಯೋಳ್ಬೌದು. ಅವ್ವ ನನ್ನೊಬ್ಳತ್ರಾನೇ ಅಳ್ತಿತ್ತು. 'ಕೆಲ್ಸದ್ ಮೇಲಿದ್ದೋನ್ನ ನಾನೇ ಕೂಗಿ ಮಾತಾಡಿಸ್ಬುಟ್ಟೆ ಕಣಮ್ಮಿ, ಅದ್ಕೇ ಬಿದ್ದ' ಅಂತಿತ್ತು. ನಿಮ್ಗೆ ಮಾತ್ರ ಯೋಳ್ಬ್ಯಾಡ ಅಂದಿತ್ತು. ಪಾಪ, ಫೋನ್ ಕೊಟ್ಟೋರು ಅವ್ರು, ನೊಂದ್ಕೊತಾರೆ ಅಂತ."

ಅಷ್ಟು ಭಾನುವಾರಗಳು ಎದುರುಬದುರು ಕೂತಿದ್ದೆವು. ಅವರು ನನ್ನನ್ನು ನೋವಿನಿಂದ ಕಾಯುತ್ತಿದ್ದರು, ನಾನು ಅವರನ್ನು.

ಈಗಲೂ ಎರಡನೆಯ ಭಾನುವಾರ ಬೆಳಿಗ್ಗೆ ಎದ್ದು, ಕ್ಷೌರ ಮಾಡಿ, ಒಗೆದ ಬಟ್ಟೆ ಹಾಕಿಕೊಳ್ಳುತ್ತೇನೆ. ಬಸ್ಸಿನ ಹೊತ್ತು ಮೀರುವವರೆಗೆ ಜಗಲಿಯ ಮೇಲೆ ಕೂತಿದ್ದು, ಆಮೇಲೆ ಒಳಗೆ ಹೋಗುತ್ತೇನೆ.