ಗಂಡಸು ಇಳಿದ ಕೊಳ

ಚಾಡ್ ದೇಶದ ಕಾನೆಮ್ ಸೀಮೆಯಲ್ಲಿ ಮರಳುದಿಬ್ಬಗಳ ನಡುವಿನ ತಗ್ಗಿನಲ್ಲಿ ಯಾಕಾಕಳ ಊರು. ಸಮುದ್ರ ಕಂಡವರು ಅಲ್ಲಿ ಒಬ್ಬರೂ ಇಲ್ಲ. ಅವರಿಗೆ ನೀರೆಂದರೆ ಊರ ಕೊಳ, ಅದರ ಮೇಲೆ ಕೆನೆಗಟ್ಟುವ ಹಸಿರು ಪಾಚಿ. ದಿಹೆ ಎನ್ನುತ್ತಾರೆ ಅದಕ್ಕೆ. ಹೆಂಗಸರು ಬೆಳಿಗ್ಗೆ ಇಳಿದು ಬೋಗುಣಿಯಲ್ಲಿ ಬಾಚಿ, ಮರಳ ಮೇಲೆ ಹುಯ್ದು ಒಣಗಿಸಿ, ಬಿಲ್ಲೆ ಮಾಡುತ್ತಾರೆ. ಸಜ್ಜೆಮುದ್ದೆಗೆ ಅದರದೇ ಸಾರು. ಗಂಡಸಿನ ಕಾಲು ತಾಕಿದರೆ ಮಾತ್ರ ಕೊಳ ಬಂಜೆ. ಗಂಡಸರು ದಡದಲ್ಲೇ ಕತ್ತೆ ಹಿಡಿದು ನಿಲ್ಲಬೇಕು.

ಯಾಕಾಕ ಏಳನೇ ವಯಸ್ಸಿಗೇ ತಾಯಿಯ ಹಿಂದೆ ನೀರಿಗಿಳಿದವಳು. ಅವಳಷ್ಟು ತೆಳ್ಳಗೆ ಬಿಲ್ಲೆ ಹುಯ್ಯುವವರು ಇರಲಿಲ್ಲ.

ಎರಡು ವರ್ಷ ಮಳೆ ತಪ್ಪಿತು. ದಡದ ಪಾಚಿ ತೆಳುವಾಯಿತು. ಉಪವಾಸದ ತಿಂಗಳಲ್ಲಿ ಒಂದು ದಿನ ಅವಳು ಒಬ್ಬಳೇ ಕೊಳದ ನಡುವಿನತನಕ ಹೋದಳು. ತಲೆ ಸುತ್ತಿತು, ಕಾಲು ಹೂಳಿಗೆ ಸಿಕ್ಕಿತು. ದಡದಲ್ಲಿದ್ದ ಗಂಡ ಬುಕಾರ್ ಕತ್ತೆಯ ಹಗ್ಗ ಬಿಟ್ಟು ಓಡಿದ. "ಇಳೀಬೇಡ ಕಣೋ!" ಎಂದು ಹೆಂಗಸರೆಲ್ಲ ಕಿರುಚಿದರು. ಮುಳುಗುತ್ತಿದ್ದ ಯಾಕಾಕಳೂ ಅದನ್ನೇ ಕಿರುಚಿದಳು. ಅವನು ಇಳಿದ, ಎತ್ತಿ ತಂದ.

ತಿಂಗಳು ಕಳೆಯುವುದರೊಳಗೆ ನೀರು ಕೆಂಪಗೆ ತಿರುಗಿತು. ಪಾಚಿ ಕಟ್ಟಲೇ ಇಲ್ಲ. ಯಾರು ಯಾವಾಗ ಇಳಿಯಬೇಕೆಂದು ಹೇಳುತ್ತಿದ್ದ ಹಿರಿಯಳು ಕಲ್ತುಮ ಎಲ್ಲರೆದುರೇ ಕೇಳಿದಳು:

"ಏನೇ, ನಿನ್ನ ಗಂಡಂಗೆ ಮೀಯೋಕೆ ಬೇರೆಲ್ಲೂ ನೀರಿರಲಿಲ್ವಾ?"

"ಮಳೆಯಿಲ್ಲ ದೊಡ್ಡಮ್ಮಾ. ಆ ದೊಡ್ಡ ಚಾಡ್ ಸರೋವರಾನೇ ಬತ್ತಿ ಹಿಂದಕ್ಕೆ ಹೋಯ್ತಂತೆ. ಅಲ್ಲಿ ಯಾರ ಗಂಡ ಇಳಿದಿದ್ದ?"

"ಮಳೆ ಹೋದ್ರೂ ನಿನ್ನ ಬಾಯಿ ಮಾತ್ರ ಬತ್ತಲಿಲ್ಲ ನೋಡು."

ಹೆಂಗಸರು ನಕ್ಕರು. ಕಲ್ತುಮ ನಗಲಿಲ್ಲ. "ನಾವು ಅರ್ಧ ದಿನದ ದಾರೀಲಿರೋ ಕೊಳಕ್ಕೆ ಹೋಗ್ತೀವಿ. ನೀನು ಬರಬೇಡ, ತಾಯಿ. ಅದೂ ಹೋದ್ರೆ ಮಕ್ಕಳಿಗೇನು ಹಾಕೋಣ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತಾಯಿ ಎಂದಳಲ್ಲ. ಯಾಕಾಕ ಬೋಗುಣಿ ಎತ್ತಿಕೊಂಡು ಮನೆಗೆ ನಡೆದಳು.

"ಬೇರೆ ಊರಿಗೆ ಹೋಗೋಣ," ಎಂದ ಬುಕಾರ್.

"ಸುದ್ದಿ ನಮಗಿಂತ ಮೊದಲೇ ಹೋಗಿರುತ್ತೆ. ನಾನು ಕೂಗಿದ್ದು ಕೇಳಲಿಲ್ವಾ ನಿಂಗೆ?"

"ಕೇಳ್ತು. ನೀನು ಮುಳುಗ್ತಿದ್ದೆ."

"ಮುಳುಗಿದ್ರೆ ಕೊಳ ಉಳೀತಿತ್ತು."

ಕಲ್ತುಮಳ ಮುಂದೆ ಅಷ್ಟು ವಾದಿಸಿದವಳ ಬಾಯಲ್ಲಿ ಈ ಮಾತು ಬರುತ್ತದೆಂದು ಅವನು ಎಣಿಸಿರಲಿಲ್ಲ.

ಆಮೇಲೆ ಯಾಕಾಕ ಇಪ್ಪತ್ತೆರಡು ವರ್ಷ ಬದುಕಿದಳು. ಗಂಡನ ಮೇಲೆ ರೇಗಲಿಲ್ಲ. ಉಂಡೆಯಾ ಎಂದು ಕೇಳುವಳು, ಅವನ ಹರಿದ ಅಂಗಿ ಹೊಲಿಯುವಳು. ಅವನು ನಗಿಸಲು ಬಂದರೆ ಮಾತ್ರ ಎದ್ದು ಹೊರಗೆ ಹೋಗುವಳು.