ನೀರಿನಲ್ಲಿ ಇಟ್ಟ ಕುರ್ಚಿ

ಇಂಥ ಸಂಗತಿಗಳನ್ನು ಹೇಳುವವರ ಮುಂದೆ ಗಂಭೀರವಾಗಿ ಕೂತು, ಮನೆಗೆ ಬಂದ ಮೇಲೆ ನಕ್ಕವಳು ನಾನು. ಹ್ಯೂಸ್ಟನ್ ಹತ್ತಿರದ ಕ್ಲಿಯರ್ ಲೇಕ್‌ನಲ್ಲಿ ಇಪ್ಪತ್ತಾರು ವರ್ಷ ಎಂಜಿನಿಯರ್ ಆಗಿ ದುಡಿದಿದ್ದೇನೆ. ಯಂತ್ರದ ಬಿಡಿಭಾಗಗಳನ್ನು ಪರೀಕ್ಷೆಗೆ ಒಡ್ಡಿ, ಎಲ್ಲಿ ಸೋರುತ್ತದೆ, ಯಾಕೆ ಸೋರುತ್ತದೆ ಎಂದು ಬರೆದಿಡುವುದೇ ನನ್ನ ಕೆಲಸವಾಗಿತ್ತು. ಕಾರಣ ಸಿಗಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ, ಅಷ್ಟೇ. ಯಾರದೋ ಅಜ್ಜಿ ಕನಸಿನಲ್ಲಿ ಬಂದು ಹೇಳಿದ್ದು ನಿಜವಾಯಿತು ಎಂದು ಹಬ್ಬದ ಊಟದಲ್ಲಿ ಯಾರಾದರೂ ಶುರು ಮಾಡಿದರೆ ನಾನು ತಟ್ಟೆ ಹಿಡಿದು ಇನ್ನೊಂದು ಕೋಣೆಗೆ ಹೋಗುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವೂ ಹಾಗೆಯೇ ಎದ್ದು ಹೋದರೆ ನನಗೆ ಬೇಸರವಿಲ್ಲ.

ವಿಜಯಕ್ಕ ಒಡಹುಟ್ಟಿದವರಲ್ಲ, ಗೆಳತಿ; ನನಗಿಂತ ಒಂಬತ್ತು ವರ್ಷ ದೊಡ್ಡವರು. ಧಾರವಾಡದವರು, ಹ್ಯೂಸ್ಟನ್‌ನಲ್ಲಿ ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾದವರು. ಅವರೂ ಅವರ ಗಂಡನೂ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿದ್ದಾರೆ. ಗಂಡನನ್ನು ನಾನು ಭಾವ ಎಂದೇ ಕರೆಯುತ್ತೇನೆ. ಒಬ್ಬಳೇ ಮಗಳು ನೇಹಾ, ಡಲ್ಲಾಸ್ ಹತ್ತಿರದ ಫ್ಲವರ್ ಮೌಂಡ್‌ನಲ್ಲಿ ಸಂಸಾರ ಹೂಡಿದ್ದಾಳೆ. ಐವತ್ತೆಂಟನೇ ವಯಸ್ಸಿನಲ್ಲಿ ಮಂಡಿನೋವಿಗೆಂದು ಸೈಕಲ್ ಹತ್ತಿದ ವಿಜಯಕ್ಕ ಆಮೇಲೆ ಇಳಿಯಲೇ ಇಲ್ಲ. ನನ್ನನ್ನೂ ಹತ್ತಿಸಿದರು. ಪ್ರತಿ ಶನಿವಾರ ಬೆಳಿಗ್ಗೆ ಇಬ್ಬರೂ ಮೂವತ್ತು ಮೈಲಿ ಹೋಗುತ್ತಿದ್ದೆವು. ಪ್ರತಿ ವಸಂತದಲ್ಲಿ ಒಮ್ಮೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಆಸ್ಟಿನ್‌ಗೆ ಹೋಗಿ, ಅದರ ಪಶ್ಚಿಮದ ಗುಡ್ಡಗಾಡಿನ ಸಣ್ಣ ರಸ್ತೆಗಳಲ್ಲಿ ಎರಡು ದಿನ ತಿರುಗುತ್ತಿದ್ದೆವು. ಅಲ್ಲೂ ಹಿಂದಿನಿಂದ ಪಿಕಪ್ ಟ್ರಕ್ಕು ಹಾರ್ನ್ ಹೊಡೆದುಕೊಂಡೇ ಬರುತ್ತಿತ್ತು. ಅಂಥ ಒಂದು ಟ್ರಕ್ಕಿಗೆ ದಾರಿಬಿಟ್ಟು ಹುಲ್ಲಿನಲ್ಲಿ ನಿಂತಿದ್ದಾಗ ವಿಜಯಕ್ಕ ಅಂದರು, “ಫ್ರಾನ್ಸಿನಾಗ ದಿನಗಟ್ಲೆ ಒಂದೂ ಗಾಡಿ ಸಿಗದ ರಸ್ತೆ ಅದಾವಂತ. ಸಾಯೂದ್ರಾಗ ಒಮ್ಮೆ ಹೋಗೂಣಲ್ಲೇನ?”

ಎರಡು ವರ್ಷ ಅದೇ ನಮ್ಮ ಮಾತು. ಬರ್ಗಂಡಿ ಪ್ರಾಂತದ ಓಸೇರ್ ಪಟ್ಟಣದಿಂದ ಹೊರಟು, ಕಾಲುವೆಯ ದಂಡೆ ಹಿಡಿದು ದಕ್ಷಿಣಕ್ಕೆ, ಅಲ್ಲಿಂದ ಗುಡ್ಡದ ಮೇಲಿನ ವೆಜ್ಲೆ ಎಂಬ ಹಳೆಯ ಊರಿಗೆ, ಹೀಗೆ ಎಂಟು ದಿನದ ದಾರಿಯನ್ನು ವಿಜಯಕ್ಕ ಕಾಗದದ ನಕ್ಷೆಯಲ್ಲಿ ನೇರಳೆ ಪೆನ್ನಿನಿಂದ ಗುರುತು ಮಾಡಿದ್ದರು.

ಟಿಕೆಟ್ ಆಗಿ ಎರಡು ತಿಂಗಳಿಗೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಪೂರ್ತಿ ನಿಂತುಹೋಯಿತು. ನಾವು ಹೇಳುವುದು ಅವರಿಗೆ ತಿಳಿಯುತ್ತದೆ ಎಂದು ಡಾಕ್ಟರುಗಳು ಹೇಳುತ್ತಿದ್ದರು, ಆದರೆ ಅವರ ಬಾಯಿಂದ ಒಂದು ಅಕ್ಷರವೂ ಹೊರಡುತ್ತಿರಲಿಲ್ಲ. ನಾನು ಪ್ರಯಾಣ ರದ್ದು ಮಾಡುತ್ತೇನೆಂದಾಗ ಭಾವ ಒಪ್ಪಲಿಲ್ಲ. “ನೀವು ಹೋಗಿ ಬರ್ರಿ. ನೀವೂ ಇಲ್ಲೇ ಕುಂತ್ರ ಆಕಿಗೆ ಆರಾಮ ಆಗ್ತದೇನು?” ಎಂದರು. ವಿಜಯಕ್ಕನನ್ನೇ ಕೇಳಿದೆ. ಅವರು ಮಡಿಲಲ್ಲಿದ್ದ ನಕ್ಷೆಯನ್ನು ಎಡಗೈಯಿಂದ ನನ್ನ ಕಡೆ ತಳ್ಳಿದರು. ತಗೊಂಡು ಹೋಗು ಎಂದು ಕೊಟ್ಟರೋ, ಸಿಟ್ಟಿನಿಂದ ಎಸೆದರೋ ನನಗೆ ಗೊತ್ತಾಗಲಿಲ್ಲ. ಅವರ ಮುಖದಿಂದ ಏನನ್ನೂ ಓದಲಾಗದ ದಿನಗಳವು. ನಾನು ಹೋದೆ. ವಿಮಾನ ಏರುವಾಗಲೂ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಲೇ ಇತ್ತು.

ಫ್ರಾನ್ಸಿನ ರಸ್ತೆಗಳ ಬಗ್ಗೆ ವಿಜಯಕ್ಕ ಹೇಳಿದ್ದು ನಿಜವಾಗಿತ್ತು. ಎರಡು ಕಡೆ ಗೋಧಿ ಹೊಲ, ನಡುವೆ ಒಂದು ಕಾರು ಹಿಡಿಸುವಷ್ಟೇ ಅಗಲದ ರಸ್ತೆ, ಗಂಟೆಗೊಂದು ಗಾಡಿ ಬಂದರೆ ಹೆಚ್ಚು. ಗಾಡಿಯವರು ಹತ್ತಿರ ಬರುವ ಮುಂಚೆಯೇ ವೇಗ ತಗ್ಗಿಸಿ, ದೂರ ಸರಿದು ಹೋಗುತ್ತಿದ್ದರು. ಪ್ರತಿ ಊರಲ್ಲೂ ಕಲ್ಲಿನ ಚರ್ಚು, ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಂಬ, ಮಧ್ಯಾಹ್ನ ಮುಚ್ಚಿದ ಕಿಟಕಿಗಳು. ನಾನು ಒಬ್ಬಳೇ ಬ್ರೆಡ್ಡು, ಹಣ್ಣು ತಿಂದು ಮುಂದೆ ಹೋಗುತ್ತಿದ್ದೆ. ದಿನವೂ ಸಂಜೆ ಭಾವನಿಗೆ ಫೋನ್ ಮಾಡುತ್ತಿದ್ದೆ. ಅವರು ಫೋನನ್ನು ವಿಜಯಕ್ಕನ ಕಿವಿಗೆ ಹಿಡಿಯುತ್ತಿದ್ದರು. ಆ ಕಡೆಯಿಂದ ಉಸಿರಾಟ ಮಾತ್ರ ಕೇಳಿಸುತ್ತಿತ್ತು. ನಾನು ಎರಡು ಮಾತು ಹೇಳಿ ಇಟ್ಟುಬಿಡುತ್ತಿದ್ದೆ. ಸಂತೋಷಪಟ್ಟೆ ಎಂದು ಹೇಳಲು ನಾಚಿಕೆಯಾಗುತ್ತಿತ್ತು.

ನಾಲ್ಕನೆಯ ದಿನ ವೆಜ್ಲೆಗೆ ಹೋಗುವ ದಾರಿಯಲ್ಲಿ ಒಂದು ಕಡೆ ರಸ್ತೆ ರಿಪೇರಿಯೆಂದು ತಡೆ ಹಾಕಿದ್ದರು. ಬದಲಿ ದಾರಿಯ ಹಳದಿ ಫಲಕಗಳನ್ನು ಹಿಡಿದು ಹೋದವಳಿಗೆ ಎರಡು ತಿರುವಾದ ಮೇಲೆ ಫಲಕಗಳೇ ಕಾಣಲಿಲ್ಲ. ಚಾರ್ಜರನ್ನು ಹಿಂದಿನ ಊರಲ್ಲೇ ಮರೆತಿದ್ದರಿಂದ ಫೋನ್ ಸತ್ತಿತ್ತು. ಬಿಸಿಲು ಬಲವಾಗಿತ್ತು. ಜಾಕೆಟ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಿದ್ದೆ. ನೇರಳೆ ಗೆರೆಯ ಮೇಲೆ ಇಲ್ಲದ, ನನಗೆ ಹೆಸರೂ ತಿಳಿಯದ ಒಂದು ಸಣ್ಣ ಊರಿಗೆ ಇಳಿದೆ. ಇಪ್ಪತ್ತು ಮನೆ ಇರಬಹುದು. ಒಂದು ನರಪಿಳ್ಳೆಯೂ ಇರಲಿಲ್ಲ. ಚರ್ಚಿನ ಗಂಟೆ ಮೂರು ಹೊಡೆಯಿತು.

ಊರ ಕೊನೆಯಲ್ಲಿ ಹಿಂದಿನ ಕಾಲದ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಜಾಗವಿತ್ತು. ಆ ಕಡೆಯ ಊರುಗಳಲ್ಲಿ ಇವು ಸಾಮಾನ್ಯ. ಕಲ್ಲಿನ ತೊಟ್ಟಿ, ಮೇಲೆ ಹೆಂಚಿನ ಮಾಡು, ಮಾಡಿಗೆ ನಾಲ್ಕು ಮರದ ಕಂಬ. ಅದರಲ್ಲಿ ಒಂದು ಕಂಬಕ್ಕೆ ಕಬ್ಬಿಣದ ಪಟ್ಟಿ ಬಿಗಿದಿತ್ತು. ತೊಟ್ಟಿಯ ನಟ್ಟನಡುವೆ, ನೀರಿನಲ್ಲಿ, ಒಂದು ಮರದ ಕುರ್ಚಿ ನೆಟ್ಟಗೆ ನಿಂತಿತ್ತು. ನೀರು ಅದರ ಆಸನದವರೆಗೆ ಬಂದಿತ್ತು. ಸಡಿಲವಾದ ಕೀಲು ಉಬ್ಬಿ ಬಿಗಿಯಾಗಲೆಂದು ಯಾರೋ ನೆನೆಹಾಕಿರಬೇಕು ಅಂದುಕೊಂಡೆ. ಸೈಕಲನ್ನು ಕಂಬಕ್ಕೆ ಒರಗಿಸಿ, ತೊಟ್ಟಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಮುಖ ತೊಳೆದೆ.

ಆಗ ನನ್ನ ಹಿಂದೆ ಯಾರೋ ಕೂತಿದ್ದಾರೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ನಾವು ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿರುವಾಗ ಮನೆಯವರು ಯಾರಾದರೂ ಬಂದು ಕೂತರೆ ತಿರುಗಿ ನೋಡದೆಯೂ ತಿಳಿಯುತ್ತದಲ್ಲ, ಹಾಗೆ. ಎಷ್ಟು ಸಹಜವಾಗಿತ್ತೆಂದರೆ ನಾನು ಬಾಯಿಬಿಟ್ಟು, “ನೋಡಿ ವಿಜಯಕ್ಕ, ನೀರಲ್ಲಿ ಯಾರೋ ಕುರ್ಚಿ ಇಟ್ಟಿದ್ದಾರೆ” ಎಂದೆ. ಹೇಳಿದ ಮೇಲೆಯೇ ನಾನು ಎಲ್ಲಿದ್ದೇನೆ ಎಂಬುದು ನೆನಪಾದದ್ದು. ತಿರುಗಿದೆ. ಗೋಡೆಗೆ ಸೇರಿಸಿ ಕಟ್ಟಿದ ಕಲ್ಲಿನ ಜಗುಲಿ ಖಾಲಿಯಾಗಿತ್ತು. ಗಡಿಯಾರ ನೋಡಿಕೊಂಡೆ, ಮೂರು ಗಂಟೆ ಹತ್ತು ನಿಮಿಷ. ಒಬ್ಬಳೇ ಇದ್ದು ಇದ್ದು ತಲೆ ಕೆಟ್ಟಿದೆ ಎಂದು ನನ್ನನ್ನೇ ಬೈದುಕೊಂಡು ಸೈಕಲ್ ಹತ್ತಿದೆ. ಆ ಸಂಜೆ ಇಳಿದುಕೊಂಡ ಮನೆಯವರಿಂದ ಚಾರ್ಜರ್ ಪಡೆದು ಫೋನ್ ಮಾಡಿದಾಗ, ವೆಜ್ಲೆ ತಲುಪಿದೆ, ಏರು ಕಷ್ಟವಾಯಿತು ಎಂದಷ್ಟೇ ಹೇಳಿದೆ. ಕುರ್ಚಿಯ ಮಾತು ಎತ್ತಲಿಲ್ಲ.

ಹ್ಯೂಸ್ಟನ್‌ಗೆ ಮರಳಿದ ಮರುದಿನವೇ ಮಿಸೌರಿ ಸಿಟಿಗೆ ಡ್ರೈವ್ ಮಾಡಿದೆ. ವಿಜಯಕ್ಕ ಒಳಗೆ ಮಲಗಿದ್ದರು. ನೇಹಾ ಡಲ್ಲಾಸ್‌ನಿಂದ ಬಂದಿದ್ದಳು. ಭಾವ ಕಾಫಿ ಕೊಟ್ಟು, ಒಂದು ಫೈಲ್ ತಂದು ನನ್ನ ಮುಂದೆ ಇಟ್ಟರು. “ಥೆರಪಿಯೊಳಗ ಎಡಗೈಲೆ ಚಿತ್ರ ತಗಸ್ತಾರ. ಏನೇನೋ ಗೀಚ್ತಾಳ ಪಾಪ. ಇಲ್ಲಿ ನೋಡ್ರಿ, ಕುರ್ಚಿ ಒಯ್ದು ನೀರಾಗ ಇಟ್ಟಾಳ” ಎಂದು ನಗಲು ನೋಡಿದರು.

ನಾನು ಆ ಹಾಳೆಯನ್ನು ತೆಗೆದುಕೊಂಡೆ. ಗೆರೆಗಳು ನಡುಗುತ್ತಿದ್ದವು, ಆದರೆ ಗುರುತಿಸಲು ಕಷ್ಟವಿರಲಿಲ್ಲ. ಇಳಿಜಾರು ಮಾಡು, ನಾಲ್ಕು ಕಂಬ, ಒಂದಕ್ಕೆ ಮಾತ್ರ ನಡುವಿನಲ್ಲಿ ಗಟ್ಟಿಯಾಗಿ ತಿದ್ದಿದ ಪಟ್ಟಿ. ತೊಟ್ಟಿ, ಅದರ ನಡುವೆ ಕುರ್ಚಿ. ಕಂಬಕ್ಕೆ ಒರಗಿದ ಎರಡು ಚಕ್ರ. ತೊಟ್ಟಿಯ ಅಂಚಿನಲ್ಲಿ ಬೆನ್ನು ಹಾಕಿ ಕೂತ ಒಂದು ಆಕೃತಿ, ಅದರ ಸೊಂಟದಿಂದ ಬಟ್ಟೆಯೊಂದು ನೆಲಕ್ಕೆ ಇಳಿಬಿದ್ದಿತ್ತು. ಹಾಳೆಯ ಕೆಳತುದಿಯಲ್ಲಿ ಅಕ್ಕಪಕ್ಕ ಎರಡು ದುಂಡನೆಯ ಉಬ್ಬುಗಳಿದ್ದವು. “ಥೆರಪಿಸ್ಟ್ ಅವನ್ನ ಗುಡ್ಡ ಅಂದ್ಲು” ಎಂದರು ಭಾವ. ಅವು ಗುಡ್ಡಗಳಲ್ಲ. ಆ ಕಲ್ಲಿನ ಜಗುಲಿಯ ಮೇಲೆ ಕೂತವರು ಎದುರಿನದನ್ನು ನೋಡಿದಾಗ ಕೆಳಗೆ ಕಾಣುವ ತಮ್ಮದೇ ಮೊಣಕಾಲುಗಳು. ಹಾಳೆಯ ಮೂಲೆಯಲ್ಲಿ ಥೆರಪಿಸ್ಟ್ ನನ್ನ ಆ ನಾಲ್ಕನೆಯ ದಿನದ ದಿನಾಂಕವನ್ನೂ ಬೆಳಗಿನ ಎಂಟು ಹತ್ತು ಎಂಬ ಸಮಯವನ್ನೂ ಬರೆದಿದ್ದಳು. ಹ್ಯೂಸ್ಟನ್‌ಗೂ ಫ್ರಾನ್ಸಿಗೂ ಏಳು ಗಂಟೆಯ ಅಂತರ; ಅಲ್ಲಿ ಆಗ ಮಧ್ಯಾಹ್ನ ಮೂರು ಹತ್ತು.

ನನ್ನ ಕೈಯಿಂದ ಕಾಫಿ ಚೆಲ್ಲಿತು. ಆ ಗಡಿಬಿಡಿಯಲ್ಲಿ ಅವರಿಬ್ಬರಿಗೂ ನಡೆದದ್ದನ್ನು ಹೇಳಿದೆ. ಭಾವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೇಹಾ ನನ್ನ ಭುಜದ ಮೇಲೆ ಕೈಯಿಟ್ಟು, “ಆಂಟಿ, ಯು ವರ್ ಎಕ್ಸಾಸ್ಟೆಡ್. ಇಟ್ಸ್ ಎ ಕೋಇನ್ಸಿಡೆನ್ಸ್” ಎಂದಳು.

ಇರಬಹುದು. ಅವಳಿಗಿಂತ ಹೆಚ್ಚಾಗಿ ನಾನೇ ಹಾಗೆ ನಂಬಲು ಪ್ರಯತ್ನಪಟ್ಟಿದ್ದೇನೆ. ಇಬ್ಬರೂ ಸೇರಿ ನೋಡಿದ ಪುಸ್ತಕ, ವಿಡಿಯೋಗಳನ್ನೆಲ್ಲ ಮತ್ತೆ ನೋಡಿದೆ. ಒಗೆಯುವ ತೊಟ್ಟಿಗಳ ಚಿತ್ರ ಅವುಗಳಲ್ಲಿ ಬೇಕಾದಷ್ಟಿವೆ. ಕಂಪ್ಯೂಟರಿನ ನಕ್ಷೆಯಲ್ಲಿ ಆ ಊರನ್ನೂ ಹುಡುಕಿ ತೆಗೆದೆ. ಅಲ್ಲಿನ ರಸ್ತೆಯ ಚಿತ್ರದಲ್ಲಿ ಪಟ್ಟಿ ಬಿಗಿದ ಕಂಬವಿದೆ. ಆದರೆ ಒಂದು ಮಧ್ಯಾಹ್ನ ಯಾರೋ ತಂದಿಟ್ಟ ಕುರ್ಚಿ ಯಾವ ಪುಸ್ತಕದಲ್ಲಿ ಬರಬೇಕು? ನನ್ನ ಜಾಕೆಟ್?

ಚಳಿಗಾಲದ ಹೊತ್ತಿಗೆ ವಿಜಯಕ್ಕನಿಗೆ ಮಾತು ಒಂದೊಂದಾಗಿ ಬರತೊಡಗಿತು. ಮೊದಲು ಬಂದದ್ದು ಕನ್ನಡ. ಥೆರಪಿಸ್ಟ್‌ಗೆ ಅರ್ಥವಾಗಲೆಂದು ಭಾವ ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ಹೇಳುತ್ತಿದ್ದರಂತೆ. ಒಂದು ಭಾನುವಾರ ನಾವಿಬ್ಬರೇ ಹಿತ್ತಿಲಲ್ಲಿ ಕೂತಿದ್ದಾಗ ಧೈರ್ಯ ಮಾಡಿ ಆ ಹಾಳೆಯನ್ನು ಅವರ ಮುಂದೆ ಹಿಡಿದೆ. “ವಿಜಯಕ್ಕ, ಇದು ಏನು ಅಂತ ಗೊತ್ತಾ?”

ಅವರು ಚಿತ್ರವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಮಾತು ಸಿಗಲು ಹೊತ್ತು ಹಿಡಿಯುತ್ತದೆ. ಕಾಯಬೇಕು. ನಾನು ಕಾದೆ.

“ನೀ ಹೊಳ್ಳಿದಿ,” ಎಂದರು. ಆಮೇಲೆ, “ನನ್ನ ನೋಡ್ಲಿಲ್ಲ.”

ತೊಟ್ಟಿಯ ಬಳಿ ನಾನು ತಿರುಗಿ ನೋಡಿದೆನೆಂಬುದನ್ನು, ಕಾಫಿ ಚೆಲ್ಲಿದ ಗಡಿಬಿಡಿಯಲ್ಲಿ, ಭಾವನಿಗೆ ಹೇಳಿದ್ದೆನೇ? ಹೇಳಿದ್ದರೆ ಒಳಕೋಣೆಯಲ್ಲಿ ಮಲಗಿದ್ದ ವಿಜಯಕ್ಕನಿಗೆ ಕೇಳಿಸಿರಬಹುದು. ಹೇಳಿದ್ದೆ ಎಂದು ಭಾವ ಅನ್ನುತ್ತಾರೆ, ಇಲ್ಲ ಎಂದು ನೇಹಾ ಅನ್ನುತ್ತಾಳೆ. ನನಗೆ ನೆನಪಿಲ್ಲ. ಮೂರು ವರ್ಷದಿಂದ ನೆನಪಿಸಿಕೊಳ್ಳಲು ಯತ್ನಿಸುತ್ತಿದ್ದೇನೆ.

ಅಂದು ಹಿತ್ತಿಲಲ್ಲಿ “ತಪ್ಪಾಯ್ತು ವಿಜಯಕ್ಕ” ಎಂದೆ. ಅವರು ಎಡಗೈ ಚಾಚಿ ನನ್ನ ಕೈ ಹಿಡಿದುಕೊಂಡರು. ಬಿಸಿಲು ಬೇಲಿಯಾಚೆ ಇಳಿಯುವವರೆಗೂ ಬಿಡಲಿಲ್ಲ.